ಅಕ್ರೋಟಿನ ಮರ, ಮಲೆನಾಡಿನ ಮಳೆ: ಹಳೆಯ ರೈಫಲ್ಲಿಗೊಂದು ಹೊಸ ಸ್ಟಾಕ್

(ಚಿಕ್ಕಮಗಳೂರಿನಲ್ಲಿ ಮರಗೆಲಸದ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಭಿಕರೆ,

ಈ ಮೇಜಿನ ಮೇಲೆ ಎರಡು ಮರದ ತುಂಡುಗಳಿವೆ. ಒಂದು, ಕುತ್ತಿಗೆಯ ಹತ್ತಿರ ಸೀಳಿಹೋಗಿರುವ ಹಳೆಯ ರೈಫಲ್ಲಿನ ಸ್ಟಾಕ್. ಇನ್ನೊಂದು, ಅದರ ಜಾಗಕ್ಕೆ ನಾನು ಕೆತ್ತಿದ ಹೊಸ ಸ್ಟಾಕಿನಿಂದ ಉಳಿದ ಅಕ್ರೋಟಿನ ಚೂರು. ರೈಫಲ್ಲನ್ನು ತಂದಿಲ್ಲ; ಅದು ಮೂಡಿಗೆರೆ ಕಡೆಯ ಅದರ ಪರವಾನಗಿದಾರರ ಮನೆಯಲ್ಲಿ ಬೀಗದೊಳಗಿದೆ, ಇರಬೇಕಾದದ್ದೂ ಅಲ್ಲಿಯೇ. ಸಭೆಯಲ್ಲಿ ಕೋವಿ ನೋಡಬಹುದೆಂದು ಬಂದ ಹುಡುಗರಿಗೆ ನಿರಾಸೆಯಾಗಿದ್ದರೆ ಕ್ಷಮಿಸಬೇಕು. ನಾನು ಮರಗೆಲಸದವನು, ಇವತ್ತು ಹೇಳಬೇಕಾಗಿರುವುದೂ ಮರದ ವಿಷಯವನ್ನೇ.

ನಮ್ಮ ಕಡೆ ಈ ಭಾಗವನ್ನು ಕೋವಿಯ ಮರ ಎಂದೋ ಹಿಡಿ ಎಂದೋ ಕರೆಯುತ್ತಾರೆ; ಅಂಗಡಿಯವರು ಸ್ಟಾಕ್ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ: ನಳಿಗೆ, ಮತ್ತು ಅದರ ಹಿಂದೆ ತೋಟಾ ತುಂಬಿ ಹಾರಿಸುವ ಆ್ಯಕ್ಷನ್ ಎಂಬ ಉಕ್ಕಿನ ಭಾಗಗಳನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು, ಗುಂಡು ಹಾರಿದಾಗಿನ ಒದೆತವನ್ನು ಭುಜಕ್ಕೆ ದಾಟಿಸುವುದು, ಹಿಡಿದವನ ಕಣ್ಣನ್ನು ತಾನಾಗಿಯೇ ಗುರಿಯ ನೇರಕ್ಕೆ ತಂದು ನಿಲ್ಲಿಸುವುದು. ಇವಿಷ್ಟನ್ನೂ ಜನವರಿಯ ಒಣ ಗಾಳಿಯಲ್ಲಿ ಹೇಗೋ ಆಷಾಢದ ಜಡಿಮಳೆಯಲ್ಲೂ ಹಾಗೆಯೇ ಮಾಡಬೇಕು. ಮೊದಲಿನ ಮೂರು ಕೆಲಸಗಳನ್ನು ಜಗತ್ತಿನ ಯಾವ ಊರಿನ ಬಡಗಿಯಾದರೂ ಕಲಿತಾನು. ಕೊನೆಯದು ಮಲೆನಾಡಿನಲ್ಲಿ ಕುಳಿತು ಕೆಲಸ ಮಾಡುವವರ ತಲೆನೋವು, ನನ್ನ ಮಾತು ಬಹುಮಟ್ಟಿಗೆ ಅದರ ಸುತ್ತಲೇ ತಿರುಗುತ್ತದೆ.

ಕಾನೂನಿನ ಮಾತನ್ನು ಆರಂಭದಲ್ಲೇ ಹೇಳಿ ಮುಗಿಸುತ್ತೇನೆ. ಬೇರೆ ಕೆಲವು ದೇಶಗಳಲ್ಲಿ ಬೇಟೆಯ ಹವ್ಯಾಸಿಯೊಬ್ಬ ಆ್ಯಕ್ಷನ್ನನ್ನು ಒಂದು ಕಡೆಯಿಂದ, ನಳಿಗೆಯನ್ನು ಮತ್ತೊಂದು ಕಡೆಯಿಂದ ತರಿಸಿ, ಮೈಯಳತೆಗೆ ಮರ ಕೆತ್ತಿಸಿ ತನಗೊಂದು ರೈಫಲ್ ಕಟ್ಟಿಸಿಕೊಳ್ಳುತ್ತಾನೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ತಯಾರಿಸುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು. ಆದ್ದರಿಂದ ನಾನು ಮಾಡಿರುವ ಕೆಲಸವೆಲ್ಲ ಪರವಾನಗಿಯುಳ್ಳ ರಿಪೇರಿ ಅಂಗಡಿಯೊಳಗೆ, ಅಂಗಡಿಯ ಪುಸ್ತಕದಲ್ಲಿ ದಾಖಲಾದ ಕೋವಿಗಳ ಮೇಲೆ ಮಾತ್ರ. ಇನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಶಿಕಾರಿ ರೈಫಲ್ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ. ನಾನು ಹೇಳಲಿರುವ ರೈಫಲ್ ಈಗ ಗುಂಡು ಹಾರಿಸುವುದು ಶೂಟಿಂಗ್ ರೇಂಜಿನ ಕಾಗದದ ಗುರಿಯ ಮೇಲೆ.

ಅದು ಮೌಸರ್ 98 ಮಾದರಿಯ ಆ್ಯಕ್ಷನ್ ಇರುವ, 7x57 ಎಂಬ ಅಳತೆಯ ತೋಟಾ ಹಾಕುವ ಹಳೆಯ ರೈಫಲ್. ಜರ್ಮನಿಯ ಪೌಲ್ ಮೌಸರ್ ರೂಪಿಸಿದ ಈ ಆ್ಯಕ್ಷನ್ 1898ರಲ್ಲಿ ಆ ದೇಶದ ಸೈನ್ಯಕ್ಕೆ ಬಂತು. ಇವತ್ತಿಗೂ ಬೋಲ್ಟ್ ರೈಫಲ್ ಮಾಡುವವರು ಅದನ್ನು ನೋಡಿಯೇ ಕಲಿಯುತ್ತಾರೆ. ಅದೇ ತೋಟಾವನ್ನು ಇಂಗ್ಲೆಂಡಿನ ರಿಗ್ಬಿ ಕಂಪನಿಯವರು .275 ಎಂದು ಕರೆದರು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ ರೈಫಲ್ ಆ ಬಗೆಯದೇ. ಇಂಥ ರೈಫಲ್ಲಿಗೆ ಭುಜಕ್ಕೆ ಒರಗುವ ಹಿಂಭಾಗವಾದ ಬಟ್ಟಿನಿಂದ ನಳಿಗೆಯ ಕೆಳಗಿನವರೆಗೂ ಒಂದೇ ತುಂಡು ಮರ. ನಮ್ಮ ಕಡೆಯ ಕಾಡುಗಳಲ್ಲಿ ತಿರುಗಾಡಿದ ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರ್, ಇಶಾಪುರದ ಕಾರ್ಖಾನೆಯಿಂದ ಬಂದ .315 ರೈಫಲ್, ನಿಮ್ಮಲ್ಲಿ ಕೆಲವರ ಮನೆಯಲ್ಲಿರುವ ಜೋಡುನಳಿಗೆಯ ತೋಟಾ ಕೋವಿ, ಇವೆಲ್ಲವುಗಳ ಮರ ಹಿಂದೊಂದು ಮುಂದೊಂದು ತುಂಡು. ಒಂದೇ ತುಂಡಿನ ಸ್ಟಾಕಿನಲ್ಲಿ ಮರದ ಒಂದು ತುದಿಯಲ್ಲಾದ ಬದಲಾವಣೆ ಇನ್ನೊಂದು ತುದಿಗೆ ತಾಗುತ್ತದೆ. ಹಾಗಾಗಿ ಕೆಲಸ ಹೆಚ್ಚು, ಕ್ಷಮೆ ಕಡಿಮೆ.

ರೈಫಲ್ ತಂದ ಗೌಡರು ಅಂಗಡಿಯ ಕಟ್ಟೆಯ ಮೇಲೆ ಅದನ್ನು ಮಲಗಿಸಿ, "ಆಚಾರ್ರೇ, ನಮ್ಮಜ್ಜನ ಕಾಲದ್ದು. ಮರಕ್ಕೆ ವಯಸ್ಸಾಯ್ತು ಅಂತ ಕಾಣ್ತದೆ" ಎಂದರು. ನಾನು ಸ್ಕ್ರೂ ಬಿಚ್ಚಿ ಉಕ್ಕನ್ನು ಎತ್ತಿ ನೋಡಿದೆ. ಮರದ ಒಳಗೋಡೆ ಕಪ್ಪಾಗಿ, ಉಗುರಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿತ್ತು. "ವಯಸ್ಸಲ್ಲ ಗೌಡ್ರೇ, ಎಣ್ಣೆ. ನಳಿಗೆ ಮೇಲೆ ಮಾಡಿ ಮೂಲೇಲಿ ನಿಲ್ಲಿಸ್ತಿದ್ರಿ ಅಲ್ವಾ?" ಎಂದೆ. ಅವರ ಮನೆಯಲ್ಲಿ ಮೂರು ತಲೆಮಾರು ಹಾಗೆಯೇ ನಿಲ್ಲಿಸಿದ್ದರು. ಧಾರಾಳವಾಗಿ ಹಚ್ಚಿದ ಕೋವಿ ಎಣ್ಣೆ ವರ್ಷಗಟ್ಟಲೆ ಕೆಳಗಿಳಿದು, ಆ್ಯಕ್ಷನ್ನಿನ ಹಿಂದಿನ ಮರಕ್ಕೆ ಇಂಗಿ, ನಾರಿನ ಬಲವನ್ನು ತಿಂದುಹಾಕಿತ್ತು. ಮರ ಮೆತ್ತಗಾದ ಮೇಲೆ ಪ್ರತಿ ಗುಂಡಿಗೂ ಉಕ್ಕು ಕೂದಲೆಳೆಯಷ್ಟು ಹಿಂದೆ ಸರಿಯುತ್ತಾ ಬಂದು, ಕೊನೆಗೆ ಆ್ಯಕ್ಷನ್ನಿನ ಹಿಂದಕ್ಕೆ ಚಾಚಿದ ಬಾಲ ಮರದೊಳಗೆ ಬೆಣೆಯಂತೆ ಹೊಕ್ಕಿತು. ಇದೋ ನೋಡಿ, ಸೀಳು ಸರಿಯಾಗಿ ಬಾಲದ ತುದಿಯಿಂದಲೇ ಹೊರಟಿದೆ.

ಹೊಸ ಮರ ಯಾವುದಿರಬೇಕು ಎಂಬ ಚರ್ಚೆ ಆಗಲೇಬೇಕಾಯಿತು. ಗೌಡರ ತೋಟದಲ್ಲಿ ಬೀಟೆಯಿದೆ, ಹಳೆಯ ಮನೆ ಬಿಚ್ಚಿದಾಗಿನ ತೇಗದ ತೊಲೆಗಳಿವೆ. "ಇಷ್ಟೆಲ್ಲ ಇಟ್ಕೊಂಡು ಕಾಶ್ಮೀರದ ಮರ ಯಾಕೆ?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ತೋಟದಲ್ಲೇ ಬೆಳೆದಿದ್ದರೂ ಬೀಟೆಯನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ ಎಂಬುದು ಒಂದು ಕಡೆ; ಅನುಮತಿ ಸಿಕ್ಕರೂ ಅದು ಅಕ್ರೋಟಿಗಿಂತ ಸ್ಪಷ್ಟವಾಗಿ ಭಾರ. ಒಣಗಿದ ಅಕ್ರೋಟು ಘನ ಮೀಟರಿಗೆ ಸುಮಾರು 640 ಕಿಲೋ ತೂಗಿದರೆ ಬೀಟೆ 800 ಕಿಲೋ ದಾಟುತ್ತದೆ, ಸಣ್ಣ ಗೆರೆ ಕೊರೆಯುವಾಗ ಚಕ್ಕೆ ಏಳುವ ಸ್ವಭಾವವೂ ಅದಕ್ಕಿದೆ. ತೇಗ ನೀರಿಗೆ ಜಗ್ಗುವುದಿಲ್ಲ, ಅದರ ನೆಂಟಸ್ತನ ಬಾಗಿಲು ಕಿಟಕಿಗಳಿಗೆ ಬಹಳ ಒಳ್ಳೆಯದು. ಆದರೆ ಹಠಾತ್ತನೆ ಬೀಳುವ ಪೆಟ್ಟಿಗೆ ಅದು ಎಳೆಯುದ್ದಕ್ಕೆ ಸೀಳಿಕೊಳ್ಳುತ್ತದೆ, ಒಳಗಿರುವ ಮರಳಿನಂಥ ಅಂಶದಿಂದ ಉಳಿಯ ಬಾಯಿಯನ್ನೂ ಮೊಂಡು ಮಾಡುತ್ತದೆ. ಗದ್ದೆ ಕಾಯುವ ಕೇಪಿನ ಕೋವಿಗಳಿಗೆ ನಮ್ಮ ಹಿರಿಯರು ಕೈಗೆ ಸಿಕ್ಕ ಹಲಸು, ಶಿವನೆ, ಹೊನ್ನೆಗಳನ್ನೆಲ್ಲ ಹಾಕಿದ್ದಾರೆ, ಅವು ಬಾಳಿಕೆ ಬಂದಿವೆ ಕೂಡ. ಆದರೆ ಐವತ್ತು ಹೆಜ್ಜೆಗೆ ಚರೆ ಹಾರಿಸುವ ಕೋವಿಯಲ್ಲಿ ಮರ ಅರ್ಧ ಕೂದಲು ಬಾಗಿದರೆ ಯಾರಿಗೂ ತಿಳಿಯುವುದಿಲ್ಲ. ಇನ್ನೂರು ಮೀಟರಿಗೆ ಗುರಿಯಿಡುವ ರೈಫಲ್ಲಿನಲ್ಲಿ ಅದು ಕಾಗದದ ಮೇಲೆಯೇ ಕಾಣಿಸುತ್ತದೆ.

ಅಕ್ರೋಟಿನಲ್ಲಿ ಹಗುರ, ಗಟ್ಟಿತನ, ಪೆಟ್ಟು ತಡೆಯುವ ಶಕ್ತಿ, ಉಳಿಗೆ ಬಗ್ಗುವ ಗುಣ ಒಟ್ಟಿಗೆ ಬಂದಿವೆ. ಒಮ್ಮೆ ಸರಿಯಾಗಿ ಒಣಗಿದರೆ ಅದರ ಅಲುಗಾಟವೂ ಕಡಿಮೆ. ಯುರೋಪಿನವರು ಬಂದೂಕಿಗಾಗಿ ಈ ಮರವನ್ನು ಎಷ್ಟು ಕಡಿದರೆಂದರೆ, ಎರಡನೆಯ ಮಹಾಯುದ್ಧದ ಹೊತ್ತಿಗೆ ಜರ್ಮನಿ ತನ್ನ ಸೈನ್ಯದ ರೈಫಲ್ಲುಗಳಿಗೆ ತೆಳು ಹಾಳೆಗಳನ್ನು ಅಂಟಿಸಿದ ಬೀಚ್ ಮರವನ್ನು ಬಳಸಿತು. ವ್ಯಾಪಾರಿಗಳು ಇಂಗ್ಲಿಷ್, ಫ್ರೆಂಚ್, ಟರ್ಕಿ, ಸರ್ಕೇಶಿಯನ್ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರುವುದು ಒಂದೇ ಜಾತಿಯ ಮರವನ್ನು. ಕಾಶ್ಮೀರದಲ್ಲಿ ಬೆಳೆಯುವುದೂ, ದೀಪಾವಳಿಯ ಡ್ರೈಫ್ರೂಟ್ ಡಬ್ಬಿಯಲ್ಲಿ ನಮ್ಮ ಮನೆಗೆ ಬರುವುದೂ ಅದರದೇ ಕಾಯಿ. ಅಮೆರಿಕದ ಕರಿ ಅಕ್ರೋಟು ಮಾತ್ರ ಬೇರೆ ಜಾತಿ. ಅದು ಬಣ್ಣದಲ್ಲಿ ಗಾಢ, ರಂಧ್ರಗಳು ತುಸು ದೊಡ್ಡವು.

ಮರದ ಹಲಗೆಯನ್ನು ಆರಿಸುವಾಗ ಹೊಸಬರು ಬಣ್ಣಕ್ಕೆ ಮರುಳಾಗುತ್ತಾರೆ. ಕವಲು ಒಡೆದ ಜಾಗದಲ್ಲೂ ಬುಡದಲ್ಲೂ ಸಿಗುವ ಸುಳಿಸುಳಿಯಾದ, ಹೊಗೆಯೆದ್ದಂಥ ಚಿತ್ತಾರ ನೋಡಲು ಸುಂದರ. ಅದು ಬಟ್ಟಿನಲ್ಲಿದ್ದರೆ ಅಡ್ಡಿಯಿಲ್ಲ, ಅಲ್ಲಿ ಮರ ದಪ್ಪವಾಗಿರುತ್ತದೆ. ಕುತ್ತಿಗೆಯಲ್ಲಿ, ಎಂದರೆ ಅಂಗೈ ಸುತ್ತಿಕೊಳ್ಳುವ ಆ ಸಣ್ಣ ಸೊಂಟದಲ್ಲಿ ಮಾತ್ರ, ಎಳೆ ಕುತ್ತಿಗೆಯ ಓರೆಯನ್ನೇ ಹಿಡಿದು ನೇರವಾಗಿ ಓಡಬೇಕು. ಅಲ್ಲಿ ಎಳೆ ಅಡ್ಡ ಹಾಯ್ದರೆ ಆ ಸ್ಟಾಕ್ ಮುರಿಯುವ ದಿನವನ್ನು ತನ್ನೊಳಗೇ ಬರೆದುಕೊಂಡು ಬಂದಿದೆ ಎಂದೇ ಲೆಕ್ಕ. ಬೇಲೂರಿನ ಶಿಲ್ಪಿಗಳನ್ನು ನೆನೆದು ನಾನು ಹೊಟ್ಟೆಕಿಚ್ಚು ಪಡುವುದು ಇಲ್ಲಿಯೇ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಬಳಪದ ಕಲ್ಲಿಗೆ ಮರದ ಹಾಗೆ ಎಳೆಯ ಹಠವಿಲ್ಲ. ಮದನಿಕೆಯ ಬೆರಳನ್ನು ಅವರು ಬೇಕಾದ ಕಡೆಗೆ ಬಗ್ಗಿಸಿದರು. ನಮಗೆ ಮರ ಯಾವ ಕಡೆ ಬೆಳೆದಿತ್ತೋ ಆ ಕಡೆಗೇ ಹೋಗುವ ಹಣೆಬರಹ. ಗೌಡರಿಗಾಗಿ ನಾನು ಆರಿಸಿದ್ದು ಸುಮಾರು 34 ಇಂಚು ಉದ್ದ, 7 ಇಂಚು ಅಗಲ, ಎರಡೂವರೆ ಇಂಚು ದಪ್ಪದ, ಬಿಳಿ ಅಂಚಿಲ್ಲದ, ಪೂರ್ತಿ ಚೇಗಿನ ಹಲಗೆ. ಚಿತ್ತಾರ ಹಿಂದಿನ ಕಾಲು ಭಾಗದಲ್ಲಿ ಮಾತ್ರ ಇತ್ತು. ಅವರಿಗೆ ತುಸು ಬೇಸರವಾಯಿತು, ನನಗೆ ಆಗಲಿಲ್ಲ.

ಇನ್ನು ಒಣಗಿಸುವ ವಿಷಯ. ಇದನ್ನು ಕಾಫಿ ಬೆಳೆಗಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಹರಡಿದ ಬೀಜ ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದೇ ಅಳತೆಯ ಡಬ್ಬ ತುಂಬಿ ತೂಗುತ್ತೀರಿ. ಎರಡು ಮೂರು ದಿನ ತೂಕ ಕದಲದಿದ್ದರೆ ಚೀಲಕ್ಕೆ ತುಂಬುತ್ತೀರಿ. ಮರಕ್ಕೂ ಅದೇ ಪರೀಕ್ಷೆ, ದಿನದ ಬದಲು ತಿಂಗಳ ಲೆಕ್ಕದಲ್ಲಿ. ಹಲಗೆಯ ಎರಡು ತುದಿಗಳಿಗೆ ಮೇಣ ಬಳಿದು, ಏಲಕ್ಕಿ ತೂಗುವ ತಕ್ಕಡಿಯಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ತೂಗಿ, ತೂಕವನ್ನೂ ತಾರೀಕನ್ನೂ ಮರದ ಮೈಮೇಲೆಯೇ ಪೆನ್ಸಿಲ್ಲಿನಿಂದ ಬರೆಯುತ್ತೇನೆ. ಈ ಚೂರಿನ ಮೇಲೆ ಇನ್ನೂ ಕೆಲವು ಅಂಕಿಗಳು ಉಳಿದಿವೆ, ಆಮೇಲೆ ಕೈಗೆ ಕೊಡುತ್ತೇನೆ, ನೋಡಿ. ಜುಲೈ ತಿಂಗಳಲ್ಲಿ ತೂಕ ಏರಿರುವುದನ್ನು ಗಮನಿಸಿ. ಒಣಗಲೆಂದು ಇಟ್ಟ ಮರವೂ ಮಳೆಗಾಲದಲ್ಲಿ ಗಾಳಿಯಿಂದ ನೀರು ಕುಡಿಯುತ್ತದೆ.

ಎಷ್ಟು ಕುಡಿಯುತ್ತದೆ ಎಂಬುದಕ್ಕೆ ಸರಿಸುಮಾರು ಲೆಕ್ಕವಿದೆ. ಗಾಳಿಯ ತೇವ ಶೇ. 50 ಇದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಶೇ. 9ರ ಆಸುಪಾಸಿನಲ್ಲಿ ನಿಲ್ಲುತ್ತದೆ, ತೇವ ಶೇ. 85ಕ್ಕೆ ಏರಿ ಅಲ್ಲೇ ನಿಂತರೆ ಮರದ ನೀರು ಶೇ. 18ರ ಹತ್ತಿರಕ್ಕೆ ಹೋಗುತ್ತದೆ. ಕಡೂರಿನ ಬಯಲಿನಲ್ಲಿ ಬೇಸಿಗೆ ಕಳೆದ ಸ್ಟಾಕ್ ಮಳೆಗಾಲಕ್ಕೆ ಮೂಡಿಗೆರೆಗೋ ಶೃಂಗೇರಿಗೋ ಬಂದರೆ ಈ ಎರಡು ಅಂಕಿಗಳ ನಡುವೆ ಎಲ್ಲೋ ಓಡಾಡುತ್ತದೆ ಎಂದಿಟ್ಟುಕೊಳ್ಳಿ. ಉದ್ದಕ್ಕೆ ಮರ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ನೀರು ಶೇ. 10ರಿಂದ 16ಕ್ಕೆ ಏರಿದರೆ 45 ಮಿಲಿಮೀಟರ್ ಅಗಲದ ಮುಂಭಾಗ ಸುಮಾರು ಅರ್ಧ ಮಿಲಿಮೀಟರಿಗೂ ಹೆಚ್ಚು ಅಗಲವಾಗುತ್ತದೆ. ಅಗಲವಾಗುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಎಣ್ಣೆ ಕುಡಿದ ಹೊರಮೈ ಒಂದು ರೀತಿ, ನಳಿಗೆ ಕೂರಲು ತೋಡಿದ ಬರಿದಾದ ಒಳಗಾಲುವೆ ಇನ್ನೊಂದು ರೀತಿ ಹಿಗ್ಗಿದಾಗ ಮುಂಭಾಗ ಬಿಲ್ಲಿನಂತೆ ಬಾಗಿ ನಳಿಗೆಯನ್ನು ಒಂದು ಮಗ್ಗುಲಿನಿಂದ ಒತ್ತಲು ಶುರುಮಾಡುತ್ತದೆ. ಗುಂಡು ಬೀಳುವ ಜಾಗ ಬದಲಾಗುವುದು ಆ ಒತ್ತಡದಿಂದ. ಮಳೆಗಾಲದಲ್ಲಿ ಕೋವಿಗೆ "ದೃಷ್ಟಿ ತಾಗಿದೆ" ಎಂದು ನಿಂಬೆಹಣ್ಣು ಕೊಯ್ದವರನ್ನು ನಾನು ಕಂಡಿದ್ದೇನೆ. ದೃಷ್ಟಿಗಿಂತ ಮೊದಲು ಮರದ ಒಳಗಾಲುವೆಯನ್ನು ನೋಡಬೇಕಿತ್ತು.

ಮರ ಸಿದ್ಧವಾದ ಮೇಲೆ ಗೌಡರ ಅಳತೆ ತೆಗೆದುಕೊಂಡೆ. ಅಜ್ಜ ಆರಡಿಯ ಆಳಂತೆ. ಮೊಮ್ಮಗ ಐದಡಿ ಐದು ಇಂಚು, ಕತ್ತು ಗಿಡ್ಡ. ಟ್ರಿಗರಿನಿಂದ ಬಟ್ಟಿನ ತುದಿಯವರೆಗಿನ ಉದ್ದ ಹಳೆಯ ಮರದಲ್ಲಿ 14 ಇಂಚಿಗೆ ತುಸು ಹೆಚ್ಚಿತ್ತು. ಸಾಮಾನ್ಯ ಮೈಕಟ್ಟಿನವರಿಗೆ ಹದಿಮೂರೂವರೆಯ ಆಸುಪಾಸು ಹೊಂದುತ್ತದೆ; ಇವರಿಗೆ ಹದಿಮೂರೂಕಾಲು ಸಾಕಾಯಿತು. ಅಳತೆಯ ದಿನ ಅವರು ತೆಳು ಅಂಗಿಯಲ್ಲಿ ಬಂದಿದ್ದರು. ಮನೆಗೆ ಕಳಿಸಿ, ರೇಂಜಿಗೆ ಹೋಗುವಾಗ ಹಾಕುವ ದಪ್ಪ ಜರ್ಕಿನ್ ತೊಟ್ಟು ಬರಲು ಹೇಳಿದೆ, ಏಕೆಂದರೆ ಭುಜದ ಮೇಲಿನ ಬಟ್ಟೆಯ ದಪ್ಪವೂ ಅಳತೆಯೊಳಗೇ ಸೇರುತ್ತದೆ. ಕೆನ್ನೆ ಒರಗುವ ಏಣು ಎಷ್ಟು ಎತ್ತರವಿರಬೇಕು, ಬಲಗೈಯವರಾದ್ದರಿಂದ ಬಟ್ಟು ಎಷ್ಟು ಮಿಲಿಮೀಟರ್ ಬಲಕ್ಕೆ ಸರಿಯಬೇಕು ಎಂಬುದನ್ನೆಲ್ಲ ತಿರುಪು ತಿರುಗಿಸಿ ಹೊಂದಿಸುವ ಒಂದು ಕಚ್ಚಾ ಹಲಗೆಯ ಮೇಲೆ ನೋಡಿಕೊಳ್ಳುತ್ತೇನೆ. ಕೊನೆಯ ಪರೀಕ್ಷೆ ಬಹಳ ಸರಳ: ಕಣ್ಣು ಮುಚ್ಚಿ ಹಲಗೆಯನ್ನು ಭುಜಕ್ಕೆ ತಂದು, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ಬಿಡಬೇಕು. ಆಗ ಗುರಿಕಡ್ಡಿ ನೇರದಲ್ಲಿ ಕಂಡರೆ ಅಳತೆ ಸರಿ. ಕತ್ತು ಚಾಚಬೇಕಾಗಿ ಬಂದರೆ ಮರ ಮನುಷ್ಯನಿಗೆ ಆಗಿಲ್ಲ. ಗೌಡರು ನಾಲ್ಕನೆಯ ಸಲಕ್ಕೆ ಕಣ್ಣು ಬಿಟ್ಟು, ಏನೂ ಹೇಳದೆ ಹಲಗೆಯನ್ನು ಇಳಿಸಿ, ಮತ್ತೊಮ್ಮೆ ಏರಿಸಿದರು. ಅಷ್ಟು ನನಗೆ ಸಾಕಾಯಿತು.

ಉಕ್ಕನ್ನು ಮರದೊಳಗೆ ಕೂರಿಸುವ ಕೆಲಸ ಈ ಕಸುಬಿನ ಹೃದಯ. ಇದಕ್ಕೆ ಪಾಶ್ಚಾತ್ಯರು ಬಣ್ಣದ ಟ್ಯೂಬುಗಳನ್ನು ಬಳಸುತ್ತಾರೆ. ನನ್ನ ಗುರುಗಳು ಹರಳೆಣ್ಣೆಯ ದೀಪದಿಂದ ತೆಗೆದ ಕಾಡಿಗೆಯನ್ನು ಬಳಸುತ್ತಿದ್ದರು, ನಾನೂ ಅದನ್ನೇ ಬಿಟ್ಟಿಲ್ಲ. ಮಕ್ಕಳ ಕಣ್ಣಿಗೆ ಹಚ್ಚುವಷ್ಟು ತೆಳ್ಳಗೆ ಆ್ಯಕ್ಷನ್ನಿನ ಅಡಿಗೆ ಕಾಡಿಗೆ ಸವರಿ, ಅತ್ತಿತ್ತ ವಾಲದಂತೆ ನೇರವಾಗಿ ಮರದ ಗುಳಿಗೆ ಇಳಿಸಿ, ಕೊಡತಿಯಿಂದ ಎರಡು ಸಲ ಮೆಲ್ಲಗೆ ತಟ್ಟಿ, ಹಾಗೆಯೇ ನೇರವಾಗಿ ಎತ್ತಬೇಕು. ಮರದಲ್ಲಿ ಎಲ್ಲಿ ಕಪ್ಪು ಕಂಡಿತೋ ಅಲ್ಲಿ ಉಕ್ಕು ತಾಗಿದೆ ಎಂದರ್ಥ. ಆ ಕಪ್ಪನ್ನಷ್ಟೇ ಉಳಿಯಿಂದ ಕೆರೆಯಬೇಕು. ಮತ್ತೆ ಸವರು, ಇಳಿಸು, ತಟ್ಟು, ಎತ್ತು, ಕೆರೆ. ಮೊದಲ ದಿನ ಎಲ್ಲೋ ಎರಡು ಚುಕ್ಕೆ ಕಾಣುತ್ತವೆ. ಏಳೆಂಟು ದಿನ ಕಳೆದ ಮೇಲೆ ಗುಳಿಯ ತಳವೆಲ್ಲ ಎಳ್ಳು ಚೆಲ್ಲಿದಂತೆ ಸಮನಾಗಿ ಚುಕ್ಕೆ ಕಟ್ಟುತ್ತದೆ, ತಟ್ಟುವ ಸದ್ದೂ ಬದಲಾಗುತ್ತದೆ: ಟೊಳ್ಳು ಡಬ್ಬದ ಸದ್ದು ಹೋಗಿ ತುಂಬಿದ ಚೀಲದ ಸದ್ದು ಬರುತ್ತದೆ. ಆತುರಕ್ಕೆ ಬಿದ್ದು ಒಂದು ಸಲ ಹೆಚ್ಚು ಕೆರೆದರೆ ಕೆರೆದದ್ದು ಕೆರೆದದ್ದೇ.

ಎಲ್ಲ ಕಡೆಯೂ ಬಿಗಿಯಾಗಿ ಕೂರುವುದು ಒಳ್ಳೆಯ ಕೆಲಸದ ಲಕ್ಷಣ ಎಂದು ನೋಡಿದವರಿಗೆ ಅನ್ನಿಸುತ್ತದೆ. ನನಗೂ ಒಂದು ಕಾಲಕ್ಕೆ ಹಾಗೆಯೇ ಅನ್ನಿಸಿತ್ತು. ಕಲಿಯುವ ದಿನಗಳಲ್ಲಿ ಒಂದು ಸ್ಟಾಕಿಗೆ ಉಕ್ಕನ್ನು ಎಷ್ಟು ಬಿಗಿಯಾಗಿ ಕೂರಿಸಿದೆನೆಂದರೆ, ಬಾಲದ ಸುತ್ತ ಕೂದಲೂ ತೂರುತ್ತಿರಲಿಲ್ಲ. ಅಂಗಡಿಗೆ ಬಂದವರೆಲ್ಲ ಮೆಚ್ಚಿದರು. ಎಂಟು ಗುಂಡು ಹಾರಿಸಿದ ಮೇಲೆ ಅದು ಸೀಳಿಕೊಂಡು ಹಿಂದಿರುಗಿ ಬಂತು. ಗುರುಗಳು ಬೈಯಲಿಲ್ಲ. ಸೀಳಿನ ಬಾಯಿಗೆ ಒಂದು ಮೊಳೆಯನ್ನು ಇಟ್ಟು, "ಇದನ್ನ ನೀನೇ ಹೊಡೆದದ್ದು" ಎಂದಷ್ಟೇ ಹೇಳಿದರು. ಒದೆತವನ್ನು ತಡೆಯಬೇಕಾದ್ದು ಮೌಸರ್ ಆ್ಯಕ್ಷನ್ನಿನ ಮುಂದುಗಡೆ ಕೆಳಕ್ಕೆ ಚಾಚಿರುವ ಚೌಕ ಗೂಟ. ಅದರ ಹಿಂಬದಿ ಮರಕ್ಕೆ ಪೂರ್ತಿಯಾಗಿ, ಸಮನಾಗಿ ಒತ್ತಿಕೊಂಡಿರಬೇಕು. ಅದರ ಮುಂದೆ, ಪಕ್ಕ, ತಳದಲ್ಲಿ ತುಸು ಸಂದು ಇರಬೇಕು. ಬಾಲದ ಹಿಂದೆಯಂತೂ ಅರ್ಧ ಮಿಲಿಮೀಟರಿಗೆ ಕಡಿಮೆಯಿಲ್ಲದ ಸಂದು ಇರಲೇಬೇಕು, ಇಲ್ಲವಾದರೆ ಗೂಟ ಹೊರಬೇಕಾದ ಭಾರವನ್ನು ಬಾಲ ಹೊತ್ತು ಬೆಣೆಯಾಗುತ್ತದೆ. ಈಗ ಗೂಟದ ಹಿಂದೆ ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿ ಗಟ್ಟಿ ಮಾಡುವ ಪದ್ಧತಿಯಿದೆ. ಕೆಲವು ಹಳಬರಿಗೆ ಅದು ಸುಲಭದ ದಾರಿ ಎಂಬ ತಾತ್ಸಾರ. ನನಗೆ ಆ ತಾತ್ಸಾರವಿಲ್ಲ. ಎಪಾಕ್ಸಿ ನೀರು ಕುಡಿಯುವುದಿಲ್ಲ, ಮಲೆನಾಡಿನಲ್ಲಿ ಅಷ್ಟು ಗುಣ ಇದ್ದರೆ ಉಳಿದದ್ದನ್ನು ಕ್ಷಮಿಸಬಹುದು. ಉಕ್ಕಿಗೆ ಮೇಣದ ಪಾಲಿಶ್ ಹಚ್ಚುವುದನ್ನು ಮರೆತರೆ ಮಾತ್ರ ಮರವೂ ಉಕ್ಕೂ ಜನ್ಮಕ್ಕೆ ಬೇರೆಯಾಗುವುದಿಲ್ಲ.

ನಳಿಗೆಯ ಕಾಲುವೆಯಲ್ಲಿ ಒಂದು ನೋಟು ಸರಾಗವಾಗಿ ಸರಿದರೆ ಸಾಕು ಎಂಬ ಮಾತು ಈ ಕಸುಬಿನಲ್ಲಿ ಬಳಕೆಯಲ್ಲಿದೆ. ಒಣ ಸೀಮೆಗೆ ಅದು ಸರಿಯಾದ ಮಾತು. ನಾನು ಮಡಿಕೆ ಹಾಕದ ನಾಲ್ಕು ಪೋಸ್ಟ್‌ಕಾರ್ಡುಗಳನ್ನು ಒಟ್ಟಿಗೆ ಹಿಡಿದು ಸರಿಸುತ್ತೇನೆ, ಅಂದರೆ ಸುಮಾರು ಒಂದು ಮಿಲಿಮೀಟರ್. ನೋಡಲು ಅಷ್ಟು ಚೆಂದವಲ್ಲ ಎಂದು ದೂರಿದವರಿದ್ದಾರೆ. ಅವರೆಲ್ಲ ಮಳೆ ಕಡಿಮೆ ಬೀಳುವ ಊರಿನವರು.

ಹೊರಮೈಯ ಆಕಾರ ಬಾಚಿಯಿಂದ ಆರಂಭವಾಗಿ ಮರದ ಅರಕ್ಕೆ, ಅಲ್ಲಿಂದ ಕೆರೆಯುವ ತಗಡಿಗೆ, ಕೊನೆಗೆ ಉಪ್ಪುಕಾಗದಕ್ಕೆ ಇಳಿಯುತ್ತದೆ. ಅದನ್ನು ಮಾತಿನಲ್ಲಿ ಹೇಳಿ ಉಪಯೋಗವಿಲ್ಲ, ಕೈಯಲ್ಲಿ ನೋಡಬೇಕು. ಉಪ್ಪುಕಾಗದ ಮುಗಿದ ಮೇಲಿನ ಕೆಲಸವನ್ನು ಮಾತ್ರ ಹೇಳುತ್ತೇನೆ. ನುಣುಪಾದ ಮರದ ಮೇಲೆ ಒದ್ದೆ ಬಟ್ಟೆಯಾಡಿಸಿ, ಬಿಸಿಗಾಳಿಗೆ ಹಿಡಿದು ಬೇಗ ಒಣಗಿಸಿದರೆ, ಒಳಗೆ ಅಡಗಿದ್ದ ನಾರುಗಳೆಲ್ಲ ಎರಡು ದಿನದ ಗಡ್ಡದಂತೆ ಎದ್ದು ನಿಲ್ಲುತ್ತವೆ. ಅದನ್ನು ಕತ್ತರಿಸಿ, ಮತ್ತೆ ಒದ್ದೆ ಮಾಡಿ, ಮತ್ತೆ ಕತ್ತರಿಸಬೇಕು. ನಾಲ್ಕನೆಯ ಸಲಕ್ಕೆ ಏಳಲು ಏನೂ ಉಳಿದಿರುವುದಿಲ್ಲ. ಈ ಕೆಲಸ ತಪ್ಪಿಸಿದವರ ಸ್ಟಾಕನ್ನು ಮೊದಲ ಮಳೆಯೇ ಒರಟು ಮಾಡುತ್ತದೆ.

ಆಮೇಲೆ ಎಣ್ಣೆ. ಕುದಿಸಿದ ಅಗಸೆ ಎಣ್ಣೆಯ ನಾಲ್ಕೇ ಹನಿಯನ್ನು ಅಂಗೈಯಲ್ಲಿ ತೆಗೆದುಕೊಂಡು, ಅಂಗೈ ಬಿಸಿಯಾಗುವವರೆಗೆ ತಿಕ್ಕಿ, ಒಂದು ದಿನ ಬಿಟ್ಟು ಮತ್ತೆ ತಿಕ್ಕುವ ಕೆಲಸ ಮೂರು ನಾಲ್ಕು ವಾರ ನಡೆಯುತ್ತದೆ. ಅದರಿಂದ ಬರುವ ಮಂದ ಹೊಳಪನ್ನು ಯಾವ ಪಾಲಿಯುರೆಥೇನೂ ಕೊಡಲಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಅಗಸೆ ಎಣ್ಣೆ ಹನಿ ನೀರನ್ನು ತಡೆಯುತ್ತದೆಯೇ ಹೊರತು ಗಾಳಿಯಲ್ಲಿರುವ ಆವಿಯನ್ನು ಹೆಚ್ಚು ತಡೆಯುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆದ್ದರಿಂದ ಕಣ್ಣಿಗೆ ಬೀಳುವ ಮೈಗೆ ಎಣ್ಣೆ. ಕಣ್ಣಿಗೆ ಬೀಳದ ಒಳಗಾಲುವೆ, ಸ್ಕ್ರೂ ತೂತು, ಬಟ್ಟಿನ ಫಲಕದ ಹಿಂದಿರುವ ಕೊಯ್ದ ತುದಿ, ಇವಕ್ಕೆಲ್ಲ ಟರ್ಪೆಂಟೈನಿನಲ್ಲಿ ತೆಳುಮಾಡಿದ ವಾರ್ನಿಷನ್ನು ಕುಡಿಯುವಷ್ಟು ಕುಡಿಸುತ್ತೇನೆ. ಮರ ನೀರು ಹೀರುವುದು ಎಲ್ಲಕ್ಕಿಂತ ಹೆಚ್ಚಾಗಿ ಕೊಯ್ದ ತುದಿಯಿಂದಲೇ. ದುಬಾರಿ ಸ್ಟಾಕುಗಳ ಫಲಕ ಬಿಚ್ಚಿ ನೋಡಿದರೂ ಅಲ್ಲಿ ಬರಿ ಮರ ಕಂಡದ್ದುಂಟು. ಹೊರಗೆ ಕನ್ನಡಿಯಂತೆ ಹೊಳೆಯಿಸಿ ಒಳಗೆ ಹಾಗೆಯೇ ಬಿಟ್ಟದ್ದು ನನ್ನ ಲೆಕ್ಕದಲ್ಲಿ ಅರ್ಧ ಕೆಲಸ.

ಎಣ್ಣೆಯ ಬಟ್ಟೆಯ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ, ಪೀಠೋಪಕರಣ ಮಾಡುವವರೂ ಇಲ್ಲಿ ಕುಳಿತಿದ್ದೀರಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ ಬೆಂಕಿ ಹೊತ್ತಿಕೊಳ್ಳಬಹುದು. ಒಂದು ಸಂಜೆ ನನ್ನ ಶೆಡ್ಡಿನಲ್ಲಿ ಸುಟ್ಟ ವಾಸನೆ ಬಂದು, ಹೊಟ್ಟಿನ ಡಬ್ಬದ ಪಕ್ಕದ ಮುದ್ದೆಯನ್ನು ಬಿಡಿಸಿ ನೋಡಿದರೆ ನಡುವೆ ಕಂದುಬಣ್ಣದ ತೂತು ಬಿದ್ದು ಹೊಗೆಯಾಡುತ್ತಿತ್ತು. ಅಂದಿನಿಂದ ಬಟ್ಟೆಗಳನ್ನು ನೀರಿನ ಬಕೆಟ್ಟಿಗೆ ಹಾಕುತ್ತೇನೆ, ಇಲ್ಲವೇ ಬಿಡಿಬಿಡಿಯಾಗಿ ಹೊರಗೆ ತಂತಿಯ ಮೇಲೆ ಹರಡುತ್ತೇನೆ.

ಕುತ್ತಿಗೆಯ ಮೇಲೂ ಮುಂಭಾಗದಲ್ಲೂ ಕೊರೆಯುವ ಚೌಕಳಿ ಗೆರೆಗಳನ್ನು ಜನ ಅಲಂಕಾರವೆಂದು ತಿಳಿಯುತ್ತಾರೆ. ಬೆವರಿದ ಕೈ, ನೆನೆದ ಕೈ ಜಾರದಿರಲೆಂದು ಹುಟ್ಟಿದ್ದು ಅದು. ಇಂಚಿಗೆ 22 ಗೆರೆಗಳಂತೆ ಕೊರೆದರೆ ಹಿಡಿತವೂ ಚೆಂದವೂ ಎರಡೂ ಉಳಿಯುತ್ತವೆ. ಮೊದಲಿನ ಎರಡು ಗೆರೆಗಳು ಸರಿಯಿದ್ದರೆ ಉಳಿದ ನೂರಾರು ಗೆರೆಗಳು ಅವುಗಳ ಹಿಂದೆ ಸಾಲುಗಟ್ಟಿ ಬರುತ್ತವೆ. ಅವು ಓರೆಯಾದರೆ ಓರೆ ಕೊನೆಯವರೆಗೂ ಬೆಳೆಯುತ್ತದೆ. ನನ್ನ ಕಣ್ಣು ಈಗ ಮೊದಲಿನಂತಿಲ್ಲ. ಗೌಡರ ಸ್ಟಾಕಿನ ಎಡಬದಿಯಲ್ಲಿ ಮೂರು ಗೆರೆ ಅಂಚು ದಾಟಿವೆ. ಅವರು ಇನ್ನೂ ಗಮನಿಸಿಲ್ಲ.

ಫೆಬ್ರವರಿಯಲ್ಲಿ ಕೆಲಸ ಮುಗಿಯಿತು, ರೇಂಜಿನಲ್ಲಿ ಗುರಿ ಹೊಂದಿಸಿದ್ದೂ ಆಗಲೇ. ನನಗೆ ಬೇಕಿದ್ದದ್ದು ಆಗಸ್ಟಿನ ಕಾಗದ. ವಾರವಿಡೀ ಬಿಡದೆ ಮಳೆ ಹಿಡಿದಿದ್ದ ಒಂದು ಭಾನುವಾರ, ಮಳೆ ತುಸು ಬಿಟ್ಟಾಗ, ಅದೇ ತೋಟಾ, ಅದೇ ದೂರ, ಅದೇ ಮನುಷ್ಯ. ಹಾರಿಸುವ ಮೊದಲು ಪೋಸ್ಟ್‌ಕಾರ್ಡುಗಳನ್ನು ಕಾಲುವೆಯಲ್ಲಿ ಸರಿಸಿ ನೋಡಿದೆ. ನಾಲ್ಕೂ ಒಟ್ಟಿಗೆ ಹೋಗಲಿಲ್ಲ, ಎಡಬದಿಯಲ್ಲಿ ತಡೆಯಿತು. ಒಂದನ್ನು ತೆಗೆದೆ, ಮೂರು ಸರಾಗವಾಗಿ ಹೋದವು. ಮರ ಹಿಗ್ಗಿ ಬಾಗಿತ್ತು, ಆದರೆ ನಳಿಗೆಗೆ ತಾಗಿರಲಿಲ್ಲ. ಗೌಡರು ಐದು ಗುಂಡು ಹಾರಿಸಿ, ಕಾಗದ ತರಿಸಿ, ಫೆಬ್ರವರಿಯ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದರು. ತೂತುಗಳ ಗುಂಪು ಮೊದಲಿನ ಜಾಗದಲ್ಲೇ ಇತ್ತು.

ಅವರು ಕೇಳಿದ್ದು ಒಂದೇ ಪ್ರಶ್ನೆ: "ಇನ್ಮೇಲೆ ಏನ್ ಜೋಪಾನ ಮಾಡ್ಬೇಕು ಆಚಾರ್ರೇ?" ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಚರ್ಮದ ಚೀಲದಲ್ಲಾಗಲಿ ದಪ್ಪ ಬಟ್ಟೆಯ ಕವರಿನಲ್ಲಾಗಲಿ ಮಳೆಗಾಲ ಕಳೆಯಲು ಬಿಡಬೇಡಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಎಣ್ಣೆಯನ್ನು ಉಕ್ಕಿಗೆ ಬೆರಳಿನ ಗುರುತು ಮಾಸುವಷ್ಟು ಮಾತ್ರ ಹಚ್ಚಿ, ಬೀರುವಿನಲ್ಲಿ ನಳಿಗೆಯನ್ನು ಕೆಳಮುಖ ಮಾಡಿ ನಿಲ್ಲಿಸಿ. ಚುನಾವಣೆ ಬಂದು ಠಾಣೆಯಲ್ಲಿಡಬೇಕಾದಾಗ, ವಾಪಸು ತಂದ ದಿನವೇ ಪೋಸ್ಟ್‌ಕಾರ್ಡ್ ಸರಿಸಿ ನೋಡಿ. ಆಯುಧಪೂಜೆಯ ದಿನ ಒದ್ದೆ ಗಂಧವನ್ನೂ ವಿಭೂತಿಯನ್ನೂ ಮರಕ್ಕೆ ಬಳಿಯಬೇಡಿ, ಎಣ್ಣೆಯ ಮೈಮೇಲೆ ಬಿಳಿ ಕಲೆ ಕೂರುತ್ತದೆ. ನಳಿಗೆಗೆ ಒಂದು ಎಳೆ ಹೂವು ಸುತ್ತಿ, ಕುಂಕುಮವನ್ನು ಹೂವಿಗೆ ಇಟ್ಟರೆ ದೇವರೇನೂ ಬೇಡವೆನ್ನುವುದಿಲ್ಲ. ಗೌಡರು ಇದಿಷ್ಟನ್ನೂ ಒಪ್ಪಿದರು. ನಳಿಗೆ ಕೆಳಗೆ ಮಾಡಿ ನಿಲ್ಲಿಸುವ ಮಾತಿಗೆ ಮಾತ್ರ ಅವರ ತಾಯಿಯವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲವಂತೆ. ಮಾವನವರ ಕೋವಿಯನ್ನು ತಲೆಕೆಳಗು ನಿಲ್ಲಿಸುವುದು ಆ ಮನೆಯಲ್ಲಿ ಇದುವರೆಗೆ ಆಗಿಲ್ಲವಂತೆ.